ಎಡಕ್ಕೆ ವಾಲಿದ ಮೊಳೆಗಳು

ನಮ್ಮಪ್ಪ ಬಡಗಿ. ನಮ್ಮ ಮನೆಯ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿತದ್ದು ಮೊಳೆಗೂ ಸ್ಕ್ರೂಗೂ ಇರುವ ವ್ಯತ್ಯಾಸ. ಸ್ಕ್ರೂ ಹಾಕಿದ್ದನ್ನು ನಾಳೆ ಬಿಚ್ಚಬಹುದು. ಉದ್ದನೆಯ ಮೊಳೆ ಹೊಡೆದರೆ ಕಥೆ ಅಲ್ಲಿಗೆ ಮುಗಿಯಿತು, ಕೀಳಹೋದರೆ ಹಲಗೆ ಸೀಳುತ್ತದೆ. ಇದು ನನಗೆಷ್ಟು ಗೊತ್ತೋ ನನ್ನ ಒಡಹುಟ್ಟಿದ ಅಕ್ಕನಿಗೂ ಅಷ್ಟೇ ಗೊತ್ತು. ನನ್ನ ಹೊಟ್ಟೆ ಇನ್ನೂ ಉರಿಯುವುದು ಅದಕ್ಕೇ.

ಅಕ್ಕ ಕಾಲೇಜಿನ ಸೇವಾ ತಂಡದ ನಾಯಕಿ. ಆ ರಜೆಯಲ್ಲಿ ನಾವು ಹೋಗಬೇಕಾಗಿದ್ದದ್ದು ಒಂದು ವೃದ್ಧಾಶ್ರಮಕ್ಕೆ. ಅಲ್ಲಿನ ಹಿಂಬಾಗಿಲಿಗೆ ಮೂರು ಮೆಟ್ಟಿಲು, ಆಚೆ ಅಂಗಳ. ಮೆಟ್ಟಿಲ ಮೇಲೆ ಗಾಲಿಕುರ್ಚಿ ಇಳಿಯುವಂಥ ಮರದ ಇಳಿಜಾರು ಮಾಡಿಕೊಡುವುದು ನಮ್ಮ ಕೆಲಸ. ಅಳತೆ ತೆಗೆಯಲು ಮೊದಲೊಮ್ಮೆ ಹೋಗಿದ್ದಾಗಲೇ ಟೀಚರಮ್ಮ ನನ್ನ ಕೈ ಹಿಡಿದುಕೊಂಡಿದ್ದರು. ಕಾಲು ಬಿದ್ದುಹೋಗಿದ್ದ ನಿವೃತ್ತ ಟೀಚರು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ.

"ಪಕ್ಕದ ರೂಮಿನ ಆ ಮೂವರು ಹೊರಗೆ ಬಿಸಿಲು ಕಾಯಿಸ್ಕೊಂಡು ದಿನಾ ನನ್ನನ್ನೇ ಆಡ್ಕೋತಾರೆ. ನಾನು ಇಲ್ಲಿಂದ ಕಿರುಚಬೇಕು. ಜಗಳ ಅಂದ್ಮೇಲೆ ಎದುರುಬದುರು ಕೂತು ಆಡ್ಬೇಕಮ್ಮ, ಅದಕ್ಕೊಂದು ಮರ್ಯಾದೆ ಇರುತ್ತೆ."

ಈ ಮಾತನ್ನು ಅಪ್ಪನಿಗೆ ಹೇಳಿದಾಗ ಅಪ್ಪ ಬಿದ್ದು ಬಿದ್ದು ನಕ್ಕರು. ಮನೆಯ ಹೊಸ ಬಾಗಿಲಿಗೆಂದು ವರ್ಷಗಟ್ಟಲೆ ಒಣಗಿಸಿಟ್ಟಿದ್ದ ಹಲಗೆಗಳನ್ನು ತಾವೇ ಕೀಸಿ ಬಸ್ಸಿಗೇರಿಸಿದರು. ಉಪಕರಣದ ಚೀಲವನ್ನೂ ನನ್ನ ಹೆಗಲಿಗೆ ಹಾಕಿದರು.

ಬಸ್ಸಿಳಿದು ಇನ್ನೂ ಮುಖ ತೊಳೆದಿರಲಿಲ್ಲ, ಅಕ್ಕ ಎಲ್ಲರನ್ನೂ ಕರೆದಳು.

"ಪ್ಲಾನ್ ಸ್ವಲ್ಪ ಬದಲಾಗಿದೆ. ನಾಳೆ ಬೆಳಿಗ್ಗೆ ಆಶ್ರಮದ ಟ್ರಸ್ಟಿನ ಅಧ್ಯಕ್ಷರು ಬರ್ತಿದಾರೆ. ಮೊದಲು ಮುಂದಿನ ಅಂಗಳದಲ್ಲಿ ಒಂದು ಸ್ಟೇಜ್ ಮಾಡ್ಬೇಕು."

"ಇಳಿಜಾರಾದ್ರೇನು, ಸ್ಟೇಜಾದ್ರೇನು, ಬೆವರು ಒಂದೇ," ಎಂದ ನಮ್ಮ ತಂಡದ ಕನ್ನಡಕದವನು. ಉಳಿದವರು ನಕ್ಕು ಅಂಗಿಯ ತೋಳು ಮಡಚಿದರು. ನಾನು ಮಾತ್ರ ಹಲಗೆಯ ಮೇಲೆ ಕೂತೇಬಿಟ್ಟೆ.

ಅಕ್ಕ ಪಕ್ಕದಲ್ಲಿ ಬಂದು ಕೂತಳು. "ಮುಖ ಊದಿಸ್ಕೋಬೇಡ ಪುಟ್ಟಿ. ಫಂಕ್ಷನ್ ಮುಗಿದ ತಕ್ಷಣ ಬಿಚ್ಚಿ ಇಳಿಜಾರು ಮಾಡೋಣ. ಬಸ್ಸು ನಾಳೆ ಸಂಜೆಗೆ ತಾನೇ? ನಿನ್ನಾಣೆ."

ನಂಬಿದೆ. ಅಕ್ಕನನ್ನು ನಂಬದೆ ಇನ್ಯಾರನ್ನು ನಂಬಲಿ? ಸ್ಟೇಜಿಗೆ ಒಂದೇ ಒಂದು ಮೊಳೆ ಹೊಡೆಯಲಿಲ್ಲ. ಮರುದಿನ ಬಿಚ್ಚುವಾಗ ಅಪ್ಪನ ಹಲಗೆ ಸೀಳಬಾರದೆಂದು ಪೂರ್ತಿ ಸ್ಕ್ರೂ ಹಾಕಿದೆ. ಅಂಗೈಯಲ್ಲಿ ಬೊಬ್ಬೆ ಬಂದವು. ನಾಳೆ ಮಧ್ಯಾಹ್ನ ಅಂಗಳಕ್ಕಿಳಿಯಬಹುದು ಎಂದು ನಾನು ಹೇಳಿದಾಗ ಟೀಚರಮ್ಮ ಮಂಚದ ಕೆಳಗಿಂದ ಹೊಸ ಚಪ್ಪಲಿ ತೆಗೆಸಿಕೊಂಡರು.

ಬೆಳಿಗ್ಗೆ ಸ್ನಾನಕ್ಕೆ ಹೋಗಿದ್ದಾಗ ಸುತ್ತಿಗೆಯ ಸದ್ದು ಕೇಳಿತ್ತು. ಶಾಮಿಯಾನದವರು ಗೂಟ ಹೊಡೆಯುತ್ತಿರಬೇಕು ಎಂದುಕೊಂಡೆ.

ಅಧ್ಯಕ್ಷರು ಬಂದರು, ಅಕ್ಕನಿಗೆ ಫಲಕ ಕೊಟ್ಟರು. "ಈ ವೇದಿಕೆ ನಮ್ಮ ತಂಡದ ಶಾಶ್ವತ ಕೊಡುಗೆ," ಎಂದು ಅಕ್ಕ ಮೈಕಿನಲ್ಲಿ ಹೇಳಿದಾಗ ಭಾಷಣದ ಭರ ಎಂದು ನಾನೂ ಚಪ್ಪಾಳೆ ತಟ್ಟಿದೆ. ಜನ ಚದುರುತ್ತಲೇ ಸ್ಕ್ರೂಡ್ರೈವರ್ ಹಿಡಿದು ಸ್ಟೇಜಿಗೆ ಹಾಸಿದ್ದ ಜಮಖಾನ ಎತ್ತಿದೆ.

ಪ್ರತಿ ಸ್ಕ್ರೂವಿನ ಪಕ್ಕದಲ್ಲೂ ಬೆರಳುದ್ದದ ಮೊಳೆ. ಎಲ್ಲವೂ ಎಡಕ್ಕೆ ವಾಲಿದ್ದವು, ಸುತ್ತ ಸುತ್ತಿಗೆ ಜಾರಿದ ಗಾಯ. ಯಾರ ಕೈಯೆಂದು ಕೇಳಬೇಕಾಗಿರಲಿಲ್ಲ. "ಇವಳು ಹೊಡೆದ ಮೊಳೆಗೂ ಎಡಚತನ" ಎಂದು ಅಪ್ಪ ಅಕ್ಕನನ್ನು ಛೇಡಿಸುತ್ತಲೇ ನಮ್ಮನ್ನು ಬೆಳೆಸಿದ್ದರು. ಸುತ್ತಿಗೆಯೂ ಅಪ್ಪನದೇ, ನನ್ನ ಚೀಲದಿಂದ ತೆಗೆದದ್ದು.

ಅಕ್ಕ ಫಲಕವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು.

"ಇಲ್ಲಿನ ಮ್ಯಾನೇಜರ್ ಸ್ಟೇಜ್ ಬೇಕು ಅಂತ ಮೊದಲೇ ಕೇಳಿದ್ರು ಕಣೇ," ಎಂದಳು ತಲೆ ಎತ್ತದೆ.

"ಮೊದಲೇ ಅಂದ್ರೆ?"

"ಮನೆಯಿಂದ ಹೊರಡೋಕ್ ಮುಂಚೆ. ಹೇಳಿದ್ರೆ ನೀನು ಬರ್ತಿರ್ಲಿಲ್ಲ. ಅಪ್ಪ ಹಲಗೆ ಕೊಡ್ತಿರ್ಲಿಲ್ಲ."

ಅಂದರೆ ಅಪ್ಪ ಹಲಗೆ ಕೀಸುವಾಗ ಇವಳು ಎದುರಿಗೇ ಕೂತು ಕಾಫಿ ಕುಡಿದಿದ್ದಳು. ಹಿಂಬಾಗಿಲಿನ ಕಡೆ ನಡೆದೆ.

ಟೀಚರಮ್ಮ ತಲೆ ಬಾಚಿಕೊಂಡು ಹೊಸ್ತಿಲ ಒಳಗೆ ಕೂತಿದ್ದರು. ಚಪ್ಪಲಿ ಮಡಿಲಲ್ಲಿತ್ತು. ಹೊರಗೆ ಆ ಮೂವರ ನಗು ಕೇಳುತ್ತಿತ್ತು.

"ನಿಮ್ಮಕ್ಕ ಆಗಲೇ ಬಂದು ಹೇಳಿದ್ಲು. ಇಳಿಜಾರು ಒಬ್ಬರಿಗೆ, ಸ್ಟೇಜಾದ್ರೆ ಎಲ್ಲರಿಗೂ ಅಂತ ನೀನೇ ತೀರ್ಮಾನ ಮಾಡಿದ್ಯಂತೆ. ಇರಲಿ ಬಿಡು."

"ನಾನು ಹಾಗನ್ಲಿಲ್ಲ ಟೀಚರಮ್ಮ."

"ಜೀವನವೆಲ್ಲ ಮಕ್ಕಳ ನೆಪ ಕೇಳಿದವಳು ನಾನು," ಎಂದು ಕುರ್ಚಿಯನ್ನು ಒಳಕ್ಕೆ ತಿರುಗಿಸಿಕೊಂಡರು.

ಮೋಸ ಮಾಡಿದ್ದೊಂದು ಸಾಲದೆ, ಅದನ್ನು ನನ್ನ ಹೆಸರಿನಲ್ಲಿ ಮಾಡಿದ್ದಳು. ಬೇರೆಯವರಾಗಿದ್ದರೆ ಜಗಳವಾಡಿ ಮರೆಯುತ್ತಿದ್ದೆನೇನೋ. ಒಂದೇ ತಟ್ಟೆಯಲ್ಲಿ ಉಂಡವಳ ಜೊತೆ ಹೇಗೆ ಜಗಳವಾಡುವುದೆಂದು ನನಗೆ ತಿಳಿಯಲಿಲ್ಲ.

ಸಂಜೆ ಬಸ್ಸು ಹಾರ್ನ್ ಹೊಡೆಯತೊಡಗಿತು. ಅಕ್ಕ ಚಿಕ್ಕಂದಿನಿಂದ ಮಾಡುವಂತೆ ಕಿಟಕಿ ಪಕ್ಕದ ಸೀಟನ್ನು ನನಗೆಂದು ಹಿಡಿದಿದ್ದಳು. ಸೀಟಿನ ಮೇಲೆ ಅಪ್ಪನ ಚೀಲ. ಹತ್ತಿದೆ, ಚೀಲ ಎತ್ತಿಕೊಂಡೆ, ಇಳಿದೆ.

"ಎಲ್ಲಿಗೇ? ತಲೆ ಕೆಟ್ಟಿದೆಯಾ? ಆ ಹಲಗೆ ಕಿತ್ತರೆ ಸೀಳುತ್ತೆ ಕಣೇ!"

"ಅದು ಗೊತ್ತಿದ್ದೇ ಅಲ್ವಾ ನೀನು ಹೊಡೆದಿದ್ದು?"

ಅಕ್ಕ ಕಿಟಕಿಯಿಂದ ಅರ್ಧ ಹೊರಗೆ ಬಾಗಿದಳು. "ಪುಟ್ಟಿ, ಅಪ್ಪನಿಗೆ ಏನು ಹೇಳ್ಲಿ ನಾನು?"

"ಪ್ಲಾನ್ ಸ್ವಲ್ಪ ಬದಲಾಯ್ತು ಅಂತ ಹೇಳು."

ಬಸ್ಸು ಗೇಟು ದಾಟುವವರೆಗೂ ಕಾಯಲಿಲ್ಲ. ಸುತ್ತಿಗೆಯ ಹಿಂದಿನ ಸೀಳುಬಾಯನ್ನು ಮೊದಲ ಮೊಳೆಗೆ ಸಿಕ್ಕಿಸಿ ಜಗ್ಗಿದೆ. ಮೊಳೆ ಬಂತು, ಹಲಗೆ ಗೇಣುದ್ದ ಸೀಳಿತು. ಸೀಳದೆ ಉಳಿದದ್ದಷ್ಟೇ ಇಳಿಜಾರಿಗೆ ಸಾಕು ಎಂದುಕೊಂಡು ಎರಡನೆಯ ಮೊಳೆಗೆ ಕೈ ಹಾಕಿದೆ.