ಒಂದೇ ಮನೆಯಲ್ಲಿ ನಾಲ್ಕು ಬಣ್ಣ

ಇಂಗಳೇಶ್ವರದ ಬಸಂತರಾಯ ಗೌಡನ ಹನ್ನೊಂದು ಎಕರೆ ಎರೆಹೊಲವನ್ನು ಕುರುಬರ ಅಮೋಘಸಿದ್ಧ ಇಪ್ಪತ್ತೆರಡು ವರ್ಷ ಕೋರಿಗೆ ಮಾಡಿದ್ದ. ಬೆಳೆದ ಜೋಳದಲ್ಲಿ ಅರ್ಧ ಗೌಡನ ವಾಡೆಗೆ ಹೋಗುತ್ತಿತ್ತು, ಅರ್ಧ ಇವನ ಮನೆಗೆ ಬರುತ್ತಿತ್ತು. ಊರಿಗೆಲ್ಲ ಗೊತ್ತಿದ್ದ ಮಾತು ಇದು. ಆದರೆ ಎಲ್ಲಿಯೂ ಬರೆದಿರಲಿಲ್ಲ.

ಉಳುವವನೇ ಒಡೆಯ ಎನ್ನುವ ಕಾಯಿದೆಯ ಸುದ್ದಿ ೧೯೭೪ರ ಮಾರ್ಚಿನಲ್ಲಿ ರೇಡಿಯೋದಲ್ಲಿ ಬಂತು. ಆ ವಾರವೇ ಗೌಡ ಅಮೋಘಸಿದ್ಧನನ್ನು ಚಾವಡಿಗೆ ಕರೆಸಿದ. ಹತ್ತು ಹನ್ನೆರಡು ಮಂದಿ ಕೂತಿದ್ದರು. ಗೌಡ ಕನ್ನಡಕ ಏರಿಸಿ ಒಂದು ಕಾಗದ ಓದಿದ: ಮುಂದಿನ ವರ್ಷವೂ ಈ ಹೊಲವನ್ನು ಅಮೋಘಸಿದ್ಧನೇ ಮಾಡತಕ್ಕದ್ದು. ಸಂತೋಷದಿಂದ ಅಮೋಘಸಿದ್ಧ ಹೆಬ್ಬೆಟ್ಟು ಒತ್ತಿದ. ಹದಿನೈದು ದಿನ ಕಳೆದ ಮೇಲೆ ಕುಂಟೆ ಹೊಡೆಯಲು ಹೋದವನನ್ನು ಗೌಡನ ಆಳುಗಳು ಬದುವಿನಲ್ಲೇ ತಡೆದರು. ಕಾಗದದಲ್ಲಿ ಇದ್ದದ್ದೇ ಬೇರೆ. 'ನಾನು ಗೌಡರ ಮನೆಯ ಕೂಲಿಯಾಳು, ಹೊಲದ ಮೇಲೆ ನನ್ನ ಹಕ್ಕು ಏನೂ ಇರುವುದಿಲ್ಲ.'

ಅಮೋಘಸಿದ್ಧ ಚಾವಡಿಗೆ ಓಡಿಬಂದು ಕೇಳಿದಾಗ ಗೌಡ, "ಓದಿ ನೋಡಿ ಹೆಬ್ಬಟ್ಟ ಒತ್ತಬೇಕಿತ್ತಲ್ಲೋ," ಅಂದ. ಕೂತವರೆಲ್ಲ ನಕ್ಕರು.

ಮಗಳು ರೇವವ್ವ ಆಗ ಇಂಡಿ ತಾಲೂಕಿನ ತಾಂಬಾದಲ್ಲಿ ಸಾಲಿ ಕಲಿಸುತ್ತಿದ್ದಳು. ಬೇಸಿಗೆ ಸೂಟಿಗೆ ಊರಿಗೆ ಬಂದಾಗ ಅಪ್ಪ ಇದನ್ನೆಲ್ಲ ಹೇಳಿದ. ಹೊಲ ಹೋದದ್ದನ್ನು ಹೇಳುವಾಗ ಅವನ ದನಿ ಸರಿಯಾಗಿಯೇ ಇತ್ತು. ನಕ್ಕದ್ದನ್ನು ಹೇಳುವಾಗ ರುಮಾಲಿನ ತುದಿಯಿಂದ ಮೂಗು ಒರೆಸಿಕೊಂಡ. ರೇವವ್ವ ಅಳಲಿಲ್ಲ. ಯಾರು ಯಾರು ನಕ್ಕರು ಎಂದು ಒಬ್ಬೊಬ್ಬರ ಹೆಸರು ಕೇಳಿ ತಿಳಿದುಕೊಂಡಳು.

ಬಾಗೇವಾಡಿಯಲ್ಲಿ ಭೂನ್ಯಾಯ ಮಂಡಳಿ ಕೂತ ಮೇಲೆ ಅವಳೇ ಅಪ್ಪನ ಅರ್ಜಿ ತುಂಬಿ ಕೊಟ್ಟಳು. ಮರುವರ್ಷ ಅವಳು ಸೂಟಿಗೆ ಊರಿಗೆ ಬಂದಾಗ ಗೌಡನ ಹೇಳಿಕೆಯ ನಕಲು ಬಂದಿತ್ತು. ಎಂಟು ಪುಟ. ಯಾರೋ ಹಳೇ ಗುಮಾಸ್ತ ಬರೆದುಕೊಟ್ಟದ್ದು, ಅಕ್ಷರ ಮುತ್ತು ಪೋಣಿಸಿದಂತೆ. ಕಾಯಿದೆ ಬರುವ ಹಿಂದಿನ ದಸರೆಯ ಮರುದಿನ ಸ್ವತಃ ಕೂರಿಗೆ ಹಿಡಿದು ಬಿತ್ತಿದ್ದು, ಕಳೆ ತೆಗೆದದ್ದು, ಹಕ್ಕಿ ಕಾಯಲು ಅಟ್ಟದ ಮೇಲೆ ಕೂತು ಬಿಸಿಲು ತಿಂದದ್ದು, ರಾಶಿ ಮಾಡಿದ್ದು. ಓದುತ್ತ ಓದುತ್ತ ರೇವವ್ವನಿಗೇ, ಈ ಮನುಷ್ಯ ಎಷ್ಟು ಕಷ್ಟಪಟ್ಟಿದ್ದಾನಲ್ಲ ಅನ್ನಿಸಿಬಿಟ್ಟಿತು. ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಆಗ ನೆನಪಾದವರು ತರಬೇತಿಯಲ್ಲಿ ಕಲಿಸಿದ ಕಾಸಿಂಸಾಬ ಮಾಸ್ತರರು. ಅವರು ಒಂದು ಪುಟ ಬರಹ ಕೊಟ್ಟು ಅದನ್ನು ಅಡ್ಡ ಉದ್ದ ಗೆರೆಯ ಮನೆಗಳಿರುವ ತಕ್ತೆಗೆ ಇಳಿಸಲು ಹೇಳುತ್ತಿದ್ದರು. ಆಮೇಲೆ ಆ ತಕ್ತೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಅದನ್ನು ನೋಡಿಯೇ ಮತ್ತೆ ಬರಹ ಮಾಡಿಸುತ್ತಿದ್ದರು. "ಎರಡನ್ನೂ ಎದುರಾಬದುರಾ ಇಟ್ಟು ಓದ್ರಿ," ಅನ್ನುತ್ತಿದ್ದರು. "ಬರಹ ಚಂದ ಇದ್ರ ಖಾಲಿ ಜಾಗಾ ಕಾಣಂಗಿಲ್ಲ. ಗೆರಿ ಎಳದು ಮನಿ ಮಾಡಿದ್ರ, ಖಾಲಿ ಮನಿ ಖಾಲೀನ ಉಳೀತೈತಿ."

ರೇವವ್ವ ದಪ್ಪ ಹಾಳೆ ತಂದು ಗೆರೆ ಎಳೆದಳು. ಮೇಲೆ ಅಡ್ಡಕ್ಕೆ ವಾರಗಳು, ಎಡಕ್ಕೆ ಉದ್ದಕ್ಕೆ ಕೆಲಸಗಳು: ಕುಂಟೆ, ಬಿತ್ತನೆ, ಕಳೆ, ಚರಗ, ಜೋಳ ಕೀಳುವುದು, ರಾಶಿ. ಎಂಟು ಪುಟದ ಒಂದೊಂದು ಸಾಲನ್ನೂ ಅದರದರ ಮನೆಯಲ್ಲಿ ಕೆಂಪು ಬಣ್ಣದಿಂದ ತುಂಬಿದಳು. ಸಂಜೆಯವರೆಗೆ ಮಾಡಿ ನೋಡಿದರೆ, ಕೆಲಸ ಇರಬೇಕಾದ ಕಡೆ ಒಂದು ಮನೆಯೂ ಖಾಲಿ ಇರಲಿಲ್ಲ. ಗುಮಾಸ್ತ ಒಕ್ಕಲುತನ ಬಲ್ಲವನು. ಎಲ್ಲಿ ಏನು ಆಗಬೇಕೋ ಅಲ್ಲಿ ಅದೇ ಇತ್ತು. ಸುಳ್ಳು ಒಕ್ಕಲುತನ ಖರೇದಕ್ಕಿಂತ ಸರಿಯಾಗಿ ನಡೆದಿತ್ತು. ಅವಳು ಹಾಳೆಯನ್ನು ಸುತ್ತಿ ಟ್ರಂಕಿನಲ್ಲಿ ಒಗೆದಳು.

ತಾಂಬಾಕ್ಕೆ ಹಿಂತಿರುಗಿದ ಎರಡು ವಾರಕ್ಕೆ ಗುರಣ್ಣನೆಂಬ ರೈತ ಸಾಲಿಗೆ ಬಂದ.

"ಬಾಯಾರ, ನನಗ ಓದಾಕ ಬರಂಗಿಲ್ರಿ. ಇದರಾಗ ಏನೈತಿ ಹೇಳ್ರಿ. ನಾ ಲಾವಣಿ ಹಿಡದು ಮಾಡೋ ಹೊಲದ ಕಾಗದ, ಮಂಡಳಿಯಿಂದ ಬಂದೈತಿ. ಹೊಲದ ಧಣಿ ನಿಮ್ಮ ಕಡೇ ಊರಾವ್ರು."

ರೇವವ್ವ ಓದತೊಡಗಿದಳು. ಎರಡನೇ ಪುಟದಲ್ಲಿ ದನಿ ನಿಂತಿತು. 'ದಸರೆಯ ಮರುದಿನ ನಾನು ಸ್ವತಃ ಕೂರಿಗೆ ಹಿಡಿದು ಬಿತ್ತಿರುತ್ತೇನೆ.' ಅದೇ ಸಾಲು, ಅದೇ ಮುತ್ತಿನ ಅಕ್ಷರ. ಕೆಳಗೆ ಬಸಂತರಾಯನ ಸಹಿ. ಹೊಲದ ಹೆಸರು, ಸರ್ವೆ ನಂಬರು ಮಾತ್ರ ಬೇರೆ.

"ಯಾಕ್ರಿ ಬಾಯಾರ?" ಅಂದ ಗುರಣ್ಣ.

"ಗುರಣ್ಣ, ಗೌಡಂದು ಮತ್ತ ಎಲ್ಲೆಲ್ಲಿ ಹೊಲ ಅದಾವು?"

"ಸಿಂದಗಿ ಕಡೆ ಐತ್ರಿ, ಬಂದಗಿಸಾಬ ಮಾಡ್ತಾನ. ಮುದ್ದೇಬಿಹಾಳದ ಕಡೆ ಐತಿ ಅಂತಾರ, ಅದನ್ನ ಚಂದಪ್ಪ ಮಾಡ್ತಾನ."

ಮುಂದಿನ ಎರಡು ಆದಿತ್ಯವಾರ ರೇವವ್ವ ಬಸ್ಸಿನಲ್ಲೇ ಕಳೆದಳು. ಸಿಂದಗಿಯ ಸ್ಟ್ಯಾಂಡಿನಲ್ಲಿ ಬಂದಗಿಸಾಬನನ್ನು ಕೂಡಿಸಿಕೊಂಡು ಅವನ ಕಾಗದ ಓದಿ, ಬೇಕಾದ್ದನ್ನು ಬರೆದುಕೊಂಡಳು. ಮುದ್ದೇಬಿಹಾಳದ ಚಂದಪ್ಪ ಮೊದಲು ಕಾಗದ ತೋರಿಸಲಿಲ್ಲ. "ಓದೋರು ಅಂದ್ರ ಅಂಜಿಕಿ ಬರ್ತೈತವ್ವ," ಅಂದ. ಅವಳು ತನ್ನ ಅಪ್ಪನ ಹೆಬ್ಬೆಟ್ಟಿನ ಕತೆ ಹೇಳಿದ ಮೇಲೆ ಒಳಗೆ ಹೋಗಿ ಗಡಿಗೆಯೊಳಗಿಂದ ತೆಗೆದುಕೊಟ್ಟ.

ತಾಂಬಾದ ತನ್ನ ಕೋಣೆಯಲ್ಲಿ ಹಳೇ ಹಾಳೆಯನ್ನು ಹರಡಿ ಕೂತಳು. ಇಂಡಿಯದು ಹಸಿರು, ಸಿಂದಗಿಯದು ನೀಲಿ, ಮುದ್ದೇಬಿಹಾಳದ್ದು ಹಳದಿ. ಬಿತ್ತನೆಯ ಮನೆಯಲ್ಲಿ ನಾಲ್ಕು ಬಣ್ಣ ಬಂದವು. ಸ್ವತಃ ಅಂತ ಬರೆದಿದ್ದರೂ ಆಳುಗಳಿಂದ ಬಿತ್ತಿಸಿದೆ ಅಂದಾನು, ಅಂದುಕೊಂಡಳು. ರಾಶಿಯ ಮನೆಯಲ್ಲೂ ನಾಲ್ಕು ಬಂದವು. ಆಮೇಲೆ ಎಳ್ಳ ಅಮಾವಾಸ್ಯೆಯ ಚರಗದ ಮನೆಗೆ ಕೈ ಬಂತು.

ಎಳ್ಳ ಅಮಾವಾಸ್ಯೆ ವರ್ಷಕ್ಕೆ ಒಂದೇ ದಿನ. ಹೊಲ ಮಾಡುವವನು ಆ ಮಧ್ಯಾಹ್ನ ಹೆಂಡತಿ ಮಕ್ಕಳೊಂದಿಗೆ ಹೊಲಕ್ಕೆ ಹೋಗಿ, ಪೂಜೆ ಮಾಡಿ, ಭೂಮಿತಾಯಿಗೆ ಎಡೆಯಾಗಿ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿ ಉಣ್ಣುತ್ತಾನೆ. ಆಳನ್ನು ಕಳಿಸಿ ಮಾಡಿಸುವ ಕೆಲಸವಲ್ಲ ಅದು. ಆ ಒಂದು ಮಧ್ಯಾಹ್ನ ಬಸಂತರಾಯ ಸಹಕುಟುಂಬನಾಗಿ ನಾಲ್ಕು ತಾಲೂಕಿನ ನಾಲ್ಕು ಹೊಲದಲ್ಲಿ ಚರಗ ಚೆಲ್ಲಿದ್ದ. ಒಂದೊಂದು ತಾಲೂಕಿಗೆ ಒಂದೊಂದು ಮಂಡಳಿ. ನಾಲ್ಕು ಕಾಗದವನ್ನು ಯಾರೂ ಒಟ್ಟಿಗೆ ಓದುವುದಿಲ್ಲ ಎಂದು ಗುಮಾಸ್ತ ಒಂದನ್ನೇ ನಾಲ್ಕು ಸಲ ಇಳಿಸಿದ್ದ.

ರೇವವ್ವ ಆ ಮನೆಯ ಸುತ್ತ ಕಪ್ಪು ಶಾಯಿಯಿಂದ ದಪ್ಪ ಗೆರೆ ಎಳೆದಳು. ಟಪಾಲಿನಲ್ಲಿ ಮಂಡಳಿಗೆ ಕಳಿಸಿದರೂ ಕೆಲಸ ಆಗುತ್ತಿತ್ತು. ಅವಳಿಗೆ ಅಷ್ಟು ಸಾಕಾಗಲಿಲ್ಲ. ನಾಲ್ಕು ತಿಂಗಳು ಯಾರಿಗೂ ತೋರಿಸದೆ ಇಟ್ಟುಕೊಂಡಳು. ದಿನಾಲೂ ಸಾಲಿಯಿಂದ ಬಂದು ಒಮ್ಮೆ ಬಿಚ್ಚಿ ನೋಡುವಳು, ಮತ್ತೆ ಸುತ್ತುವಳು.

೧೯೭೬ರ ಮಳೆಗಾಲದ ಹೊತ್ತಿಗೆ ಬಾಗೇವಾಡಿಯಲ್ಲಿ ವಿಚಾರಣೆ ಬಂತು. ಮಂಡಳಿಯಲ್ಲಿ ವಕೀಲರಿಗೆ ಅವಕಾಶ ಇರಲಿಲ್ಲ. ಅಪ್ಪನ ಪರವಾಗಿ ಮಾತಾಡಲು ರೇವವ್ವ ಅಪ್ಪಣೆ ಕೇಳಿದಳು, ಅಧ್ಯಕ್ಷರು ಕೊಟ್ಟರು. ಗೌಡ ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದಿದ್ದ. ಇಂಗಳೇಶ್ವರದ ಮಂದಿಯೂ ಬಂದಿದ್ದರು. ಚಾವಡಿಯಲ್ಲಿ ನಕ್ಕವರಲ್ಲಿ ಏಳು ಜನರನ್ನು ಅವಳು ಎಣಿಸಿಕೊಂಡಳು. ಹಿಂದಿನ ಗೋಡೆಗೆ ಆತು ಗುರಣ್ಣ, ಬಂದಗಿಸಾಬ, ಚಂದಪ್ಪ ತಮ್ಮ ತಮ್ಮ ಕಾಗದ ಹಿಡಿದು ಕೂತಿದ್ದರು. ಅವರು ಯಾರೆಂಬುದು ಗೌಡನಿಗೆ ಗೊತ್ತಾಗಿ, ಆಗಾಗ ತಿರುಗಿ ನೋಡುತ್ತಿದ್ದ.

ಅಧ್ಯಕ್ಷರು ಹೇಳಿಕೆಯನ್ನು ಓದಲು ತೆಗೆದುಕೊಂಡಾಗ ರೇವವ್ವ ಎದ್ದಳು.

"ಸಾಹೇಬ್ರ, ಒಂದು ವಿನಂತಿ ಐತ್ರಿ. ಚರಗದ ಸಾಲು ಗೌಡ್ರೇ ಓದಲಿ. ಅವತ್ತ ಚಾವಡ್ಯಾಗೂ ಅವರೇ ಓದಿದ್ರು."

ಗೌಡ ಕನ್ನಡಕ ಹಾಕಿಕೊಂಡು ದೊಡ್ಡ ದನಿಯಲ್ಲಿ ಓದಿದ. "ಎಳ್ಳ ಅಮಾವಾಸ್ಯೆಯ ದಿವಸ ನಾನು ಸಹಕುಟುಂಬ ಸದರಿ ಹೊಲಕ್ಕೆ ಹೋಗಿ, ಮಧ್ಯಾಹ್ನ ಚರಗ ಚೆಲ್ಲಿ ಊಟ ಮಾಡಿರುತ್ತೇವೆ."

"ಈಗ ಇದು," ಎಂದು ರೇವವ್ವ ಗುರಣ್ಣನ ಕಾಗದ ಮುಂದಿಟ್ಟಳು. ಗೌಡ ಓದಿದ. ಅದೇ ಸಾಲು. ಬಂದಗಿಸಾಬನದನ್ನು ಓದುವಾಗ ದನಿ ಇಳಿದಿತ್ತು. ಚಂದಪ್ಪನದನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತ.

"ಓದ್ರಿ," ಅಂದರು ಅಧ್ಯಕ್ಷರು.

ಅವನು ಓದುತ್ತಿರುವಂತೆ ರೇವವ್ವ ಮೇಜಿನ ಮೇಲೆ ತಕ್ತೆಯನ್ನು ಬಿಚ್ಚಿ, ಮೂಲೆಗಳಿಗೆ ಶಾಯಿ ದೌತಿ, ಕಡತ ಇಟ್ಟಳು. ಮಂಡಳಿಯ ಸದಸ್ಯರಲ್ಲಿ ಒಬ್ಬ ಮುದುಕ, ಮಾನಪ್ಪ, ಓದು ಅಷ್ಟಕ್ಕಷ್ಟೇ ಬಲ್ಲ ಒಕ್ಕಲಿಗ. ಬೆಳಿಗ್ಗೆಯಿಂದ ಹೇಳಿಕೆಗಳನ್ನು ಕೇಳಿ ಕೇಳಿ ತೂಕಡಿಸುತ್ತಿದ್ದವನು ಎದ್ದು ಬಂದು ಬಗ್ಗಿ ನೋಡಿದ. ಕಪ್ಪು ಗೆರೆಯ ಮನೆಯ ಮೇಲೆ ಬೆರಳಿಟ್ಟ.

"ಇದು ಯಾವ ದಿನ ಅವ್ವ?"

"ಎಳ್ಳ ಅಮಾಸಿರಿ."

"ಈ ಬಣ್ಣ?"

"ಒಂದೊಂದು ಒಂದೊಂದು ತಾಲೂಕ್ರಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ."

ಮಾನಪ್ಪ ಗೌಡನ ಕಡೆ ತಿರುಗಿದ. "ಗೌಡ್ರ, ಒಂದ ಮಧ್ಯಾಹ್ನದಾಗ ನಾಕು ತಾಲೂಕು ತಿರುಗೋ ಎತ್ತು ಯಾವ ಸಂತ್ಯಾಗ ಸಿಗತಾವ್ರಿ? ನನಗೂ ಒಂದು ಜೋಡಿ ಬೇಕಾಗಿತ್ತು."

ಕಚೇರಿಯೆಲ್ಲ ನಕ್ಕಿತು. ಚಾವಡಿಯಲ್ಲಿ ನಕ್ಕಿದ್ದ ಆ ಏಳು ಜನರೂ ನಕ್ಕರು. ರೇವವ್ವ ನಗಲಿಲ್ಲ. ಗೌಡನ ಮುಖದಿಂದ ಕಣ್ಣು ತೆಗೆಯಲಿಲ್ಲ. ಅವನ ಕಿವಿಗಳು ಕೆಂಪಾದದ್ದು, ಕನ್ನಡಕ ತೆಗೆದು ಕಾಗದದ ಮೇಲೆ ಇಟ್ಟದ್ದು, ಒಂದನ್ನೂ ಬಿಡದೆ ನೋಡಿದಳು.

"ಇದು ಗುಮಾಸ್ತ ಬರದದ್ದು ಸಾಹೇಬ್ರ," ಅಂದ ಗೌಡ. "ಅವ ಹಿಂಗಿಂಗ ಐತಿ ಅಂತ ಹೇಳಿದ, ನಾ ಸಹಿ ಮಾಡೀನಿ. ನಾ ಓದಿಲ್ಲ."

ಎರಡು ವರ್ಷ ಅವಳು ಎಷ್ಟೋ ಮಾತು ಕಟ್ಟಿಕೊಂಡಿದ್ದಳು. ಇದು ಕಟ್ಟಿಕೊಂಡದ್ದಲ್ಲ, ತಾನಾಗಿ ಬಂತು.

"ಓದಿ ನೋಡಿ ಸಹಿ ಮಾಡಬೇಕಿತ್ತಲ್ರಿ ಗೌಡ್ರ."

ಅಧ್ಯಕ್ಷರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ, ಅಮೋಘಸಿದ್ಧನ ಹೆಬ್ಬೆಟ್ಟಿನ ಕಾಗದವನ್ನು ಕಡತದಿಂದ ಹೊರಗೆ ತೆಗೆದರು. ಆ ದಿನ ಅದನ್ನು ಓದಿ ಹೇಳಿದವರು ಯಾರು, ಕೇಳಿದವರು ಯಾರು ಎಂದು ಕೇಳಿದರು. ಎರಡು ವರ್ಷ ಬಾಯಿ ಬಿಡದಿದ್ದ ಮಂದಿಯಲ್ಲಿ ಒಬ್ಬ ಎದ್ದು ನಿಂತ, ಅವನನ್ನು ನೋಡಿ ಇನ್ನಿಬ್ಬರು ಎದ್ದರು. ಒಂದು ತಿಂಗಳಿಗೆ ಹುಕುಂ ಬಂತು. ಹೊಲ ಅಮೋಘಸಿದ್ಧನ ಹೆಸರಿಗಾಯಿತು.

ಅಲ್ಲಿಗೆ ಮುಗಿಯಬಹುದಿತ್ತು. ದಸರೆ ಸೂಟಿಗೆ ಊರಿಗೆ ಬಂದ ರೇವವ್ವ ತಕ್ತೆಯನ್ನು ಇನ್ನೊಂದು ಹಾಳೆಗೆ ಇಮ್ಮಡಿ ದೊಡ್ಡದಾಗಿ ಇಳಿಸಿ, ಗಂಜಿ ಹಚ್ಚಿ ಚಾವಡಿಯ ಗೋಡೆಗೆ ಅಂಟಿಸಿದಳು. ಗೌಡನ ಹೆಸರು ಬರೆಯಲಿಲ್ಲ, ಬರೆಯುವ ಅಗತ್ಯ ಇರಲಿಲ್ಲ. ಅಕ್ಷರ ಬರದವರೂ ಬಂದು, ಕಪ್ಪು ಗೆರೆಯ ಮನೆಯಲ್ಲಿ ನಾಲ್ಕು ಬಣ್ಣ ಎಣಿಸಿ ಹೋದರು. ವಾರ ತುಂಬುವುದರೊಳಗೆ ಬಾವಿಕಟ್ಟೆಯ ಹೆಂಗಸರ ಬಾಯಲ್ಲಿ ಬಸಂತರಾಯ 'ನಾಕೂರ ಗೌಡ' ಆದ. ಅವನು ಚಾವಡಿಗೆ ಬರುವುದನ್ನು ಬಿಟ್ಟ.

ಒಂದು ಮುಂಜಾನೆ ಗೌಡನ ಹೆಂಡತಿ ಸಿದ್ದಲಿಂಗವ್ವ ಸೆರಗು ಹೊದ್ದು ಇವರ ಮನೆಗೆ ಬಂದಳು. ಹಿಂದೆಂದೂ ಬಂದವಳಲ್ಲ.

"ರೇವವ್ವ, ನಮ್ಮ ಹುಡುಗೀನ್ನ ನೋಡಾಕ ಚಡಚಣದವರು ಬರಾಕತ್ತಾರ. ಚಾವಡಿ ಮುಂದ ಹಾದ ಬರಬೇಕು. ಒಂದ ದಿನದ ಮಟ್ಟಿಗೆ ಅದನ್ನ ತಗಿಯವ್ವ."

"ಅದರಾಗ ಸುಳ್ಳೇನೈತ್ರಿ ಅವ್ವಾರ?"

"ಸುಳ್ಳಿಲ್ಲ. ಆ ಅಮಾಸಿ ದಿನ ನಾ ಹೊಸ್ತಿಲ ದಾಟಿಲ್ಲ. ಸಹಕುಟುಂಬ ಅಂತ ಬರದು ನನ್ನನ್ನೂ ಸುಳ್ಳಿನಾಗ ಕೂಡಿಸ್ಯಾರ."

ರೇವವ್ವನಿಗೆ ಆ ಹೆಂಗಸಿನ ಮೇಲೆ ಸಿಟ್ಟಿರಲಿಲ್ಲ. ಆದರೂ, "ನಮ್ಮಪ್ಪನ ಹೆಬ್ಬಟ್ಟ ಎರಡು ವರ್ಷ ಊರ ಮುಂದ ಇತ್ರಿ. ಇದೂ ಎರಡು ವರ್ಷ ಇರಲಿ," ಅಂದಳು. ಸಿದ್ದಲಿಂಗವ್ವ ಸೆರಗು ಎಳೆದುಕೊಂಡು ಎದ್ದು ಹೋದಳು.

ಮರುದಿನ ಅಮೋಘಸಿದ್ಧ ಚಾವಡಿಗೆ ಹೋಗಿ, ಗೋಡೆಗೆ ನೀರು ಹಚ್ಚಿ ನೆನೆಸಿ, ಹಾಳೆ ಹರಿಯದಂತೆ ಬಿಡಿಸಿ ಮಗಳ ಮುಂದೆ ತಂದಿಟ್ಟ.

"ಅವರು ನಕ್ಕಾಗ ನಿನಗ ಹೆಂಗಾಗಿತ್ತು, ಮರತಿಯೇನಪ್ಪ?"

"ಮರತಿಲ್ಲ. ಅದಕ್ಕ ತಗದೇನಿ," ಅಂದ. "ಹೊಲ ಬಂತು. ನಾ ಇದ ಊರಾಗ ಬಿತ್ತಿ ಬೆಳೀಬೇಕವ್ವ."

ಅವನ ಮಾತು ಸರಿಯೆಂದು ಅವಳಿಗೆ ಗೊತ್ತಿತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಕಟ್ಟಿಟ್ಟ ರೊಟ್ಟಿಯನ್ನೂ ತೆಗೆದುಕೊಳ್ಳದೆ ಮಧ್ಯಾಹ್ನದ ಬಸ್ಸಿಗೆ ತಾಂಬಾಕ್ಕೆ ಹೊರಟುಹೋದಳು.

ಇಂಡಿಯಲ್ಲಿ, ಸಿಂದಗಿಯಲ್ಲಿ ಗುರಣ್ಣನಿಗೂ ಬಂದಗಿಸಾಬನಿಗೂ ಅದೇ ತಕ್ತೆಯಿಂದ ಹೊಲ ದಕ್ಕಿತು. ಸಾಲಿಗೆ ಸೂಟಿ ಸಿಗದೆ ಆ ಎರಡು ಕಡೆ ಅವಳು ಹೋಗಲಾಗಲಿಲ್ಲ. ಕೊನೆಯದು ಮುದ್ದೇಬಿಹಾಳ. ಅದಕ್ಕೆ ಮೊದಲೇ ರಜೆ ಬರೆದುಕೊಟ್ಟು ಹೋದಳು. ಚಂದಪ್ಪನಿಗಾಗಿ ಎಂದು ಹೇಳಿಕೊಂಡರೂ, ಗೌಡ ಇನ್ನೊಮ್ಮೆ ಆ ಸಾಲು ಓದುವುದನ್ನು ಕೇಳುವ ಆಸೆ ಅವಳದು. ಬೆಳಿಗ್ಗೆಯಿಂದ ಬಾಗಿಲ ಕಡೆ ಮುಖ ಮಾಡಿ ಕೂತಳು. ಗೌಡ ಬರಲಿಲ್ಲ. ನನ್ನ ತಕರಾರು ಏನೂ ಇಲ್ಲ ಎಂದು ಒಂದು ಸಾಲಿನ ಕಾಗದ ಕಳಿಸಿದ್ದ. ಈ ಸಲ ಗುಮಾಸ್ತನ ಅಕ್ಷರವಲ್ಲ, ಅವನದೇ ಸೊಟ್ಟ ಅಕ್ಷರ. ಐದು ನಿಮಿಷದಲ್ಲಿ ಚಂದಪ್ಪನ ಕೆಲಸ ಮುಗಿಯಿತು. ತಕ್ತೆಯನ್ನು ಯಾರೂ ಬಿಚ್ಚಿ ಎನ್ನಲಿಲ್ಲ.

ಚಂದಪ್ಪ ಅವಳ ಕಾಲು ಮುಟ್ಟಲು ಬಂದ. "ಬ್ಯಾಡ ಕಾಕಾ," ಎಂದು ಹಿಂದೆ ಸರಿದಳು. ಅವನ ಸಂತೋಷ ನೋಡಿ ತನಗೂ ಸಂತೋಷವಾಗಬೇಕಿತ್ತು ಅನ್ನಿಸಿತು. ಏನೋ ಕೈಗೆ ಬಂದು ತಪ್ಪಿಹೋದಂತೆ ಇತ್ತು.

ವಾಪಸು ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಮುದುಕಿ, ಅವಳ ತೊಡೆಯ ಮೇಲಿನ ಸುರುಳಿ ನೋಡಿ, "ಅದೇನ ಚಿತ್ರ ತಂಗಿ?" ಅಂದಳು.

ರೇವವ್ವ ಸುರುಳಿಯ ದಾರ ಸಡಿಲಿಸಿದಳು. ಆಮೇಲೆ ಸುರುಳಿ ಬಿಚ್ಚಿ, ಮುಂದಿನ ಸೀಟಿನ ಬೆನ್ನಿಗೆ ಆನಿಸಿ ಹಿಡಿದು, ಕಪ್ಪು ಗೆರೆಯ ಮನೆಯ ಮೇಲೆ ಬೆರಳಿಟ್ಟಳು.

"ನಮ್ಮೂರಾಗ ಬಸಂತರಾಯ ಅಂತ ಒಬ್ಬ ಗೌಡ ಅದಾನ ಅಜ್ಜಿ," ಎಂದು ಹೇಳತೊಡಗಿದಳು. ಬಸ್ಸು ಊರು ದಾಟುವಷ್ಟರಲ್ಲಿ ಮುಂದಿನ ಎರಡು ಸೀಟಿನವರೂ ತಿರುಗಿ ಕೂತಿದ್ದರು.