ಗಂಜಿ ಹಾಕಿದ ಬೆಡ್‌ಶೀಟ್

ಗಿರಾಕಿಯ ಬಿಳಿ ಅಂಗಿ ಸುಟ್ಟೇಹೋಯಿತು. ಮನೆಯ ಮುಂಭಾಗದ ಇಸ್ತ್ರಿ ಅಂಗಡಿಯಲ್ಲಿ ಪೆಟ್ಟಿಗೆ ಹಿಡಿದು ನಿಂತಲ್ಲೇ ಗುಬ್ಬಿಯ ಅಮ್ಮನಿಗೆ ಜೊಂಪು ಹತ್ತಿತ್ತು. ಪಾಪ, ಅವಳು ನೆಟ್ಟಗೆ ಮಲಗಿ ತಿಂಗಳುಗಳೇ ಆಗಿದ್ದವು.

ಗುಬ್ಬಿಗೆ ನಾಲ್ಕು ವರ್ಷ. ಆಟಿಸಂ ಇದೆ ಎಂದು ವೈದ್ಯರು ಹೇಳಿದ್ದಾರೆ. ಮಾತು ಇನ್ನೂ ಬಂದಿಲ್ಲ. ರಾತ್ರಿಯಾದರೆ ನಿದ್ದೆಯೂ ಬಾರದು.

"ಇವತ್ತಿಂದ ಇದನ್ನ ಕುಡಿಸಿಬಿಡೋಣ" ಎಂದು ಅಪ್ಪ ಕೆಮ್ಮಿನ ಸಿರಪ್ ತೆಗೆದ. "ಕುಡಿದ್ರೆ ಸಾಕು, ಕಣ್ಣು ಎಳೆಯುತ್ತಂತೆ."

ಬಟ್ಟೆ ಒಯ್ಯಲು ಬಂದಿದ್ದ ಆರೋಗ್ಯ ಕಾರ್ಯಕರ್ತೆ ಬಾಗಿಲಲ್ಲೇ ನಿಂತರು. "ಮಗೂಗೆ ಕೆಮ್ಮಿದೆಯಾ?"

"ಇಲ್ಲ ಅಕ್ಕಾ. ಹಠ ಇದೆ."

"ಹಠ ಅಲ್ಲ ಅಣ್ಣಾ. ಇಂಥ ಎಷ್ಟೋ ಮಕ್ಕಳಿಗೆ ನಿದ್ದೆಯ ತೊಂದರೆ ಇರುತ್ತೆ. ಡಾಕ್ಟರನ್ನ ಕೇಳದೆ ನಿದ್ದೆಗೆ ಅಂತ ಏನೂ ಕುಡಿಸಬೇಡಿ, ಜೀವಕ್ಕೇ ಅಪಾಯ ಆಗಬಹುದು."

"ಮತ್ತೆ ನಾವೇನು ಕಡಿಮೆ ಮಾಡಿದ್ದೀವಿ? ದಿನಾ ಗಂಜಿ ಹಾಕಿ, ಇಸ್ತ್ರಿ ಮಾಡಿದ ಬೆಡ್‌ಶೀಟ್. ಈ ಬೀದೀಲಿ ಅಷ್ಟು ಗರಿಗರಿ ಹಾಸಿಗೆ ಮೇಲೆ ಯಾರು ಮಲಗ್ತಾರೆ ಹೇಳಿ!"

"ಅವಳು ಮಲಗಿದ್ರೆ ತಾನೆ ಅಣ್ಣಾ!"

ಅಮ್ಮ ಮೆಲ್ಲಗೆ ಹೇಳಿದಳು: "ಹಾಸಿಗೆಗೆ ಹಾಕಿದ ಕೂಡಲೇ ಕಿರುಚ್ತಾಳೆ ಅಕ್ಕಾ. ಸಂಜೆ ನೋಡಿದ್ರೆ, ಇಸ್ತ್ರಿಗೆ ಬಂದ ಬಟ್ಟೆ ರಾಶಿ ಮೇಲೆ ತಾನಾಗೇ ಮಲಗಿರ್ತಾಳೆ."

ಅಕ್ಕ ಒಳಗೆ ಬಂದು ಗುಬ್ಬಿಯ ಹಾಸಿಗೆಯ ಬೆಡ್‌ಶೀಟಿನ ಮೇಲೆ ಕೈಯಾಡಿಸಿದರು. "ರಾಶೀಲಿರೋದು ಮೆತ್ತನೆ ಬಟ್ಟೆ. ನಮಗೆ ಗರಿಗರಿ ಅನ್ಸೋದು ಇವಳ ಮೈಗೆ ಮುಳ್ಳಾಗಿರಬಹುದು. ಹೇಳೋಕೆ ಮಾತಿಲ್ಲ, ಕಿರುಚ್ತಾಳೆ."

ಅಪ್ಪ ಆ ಬೆಡ್‌ಶೀಟ್ ಹಿಡಿದು ಅಲ್ಲೇ ಕೂತ. "ಅದರ ಮೇಲೇ ಅವಳನ್ನ ಒತ್ತಿ ಹಿಡೀತಿದ್ದೆ ಅಕ್ಕಾ. ಹೊಡೆದೂ ಇದ್ದೀನಿ" ಎಂದು ಬಟ್ಟೆಗಾಗಿ ಬಂದು ನಿಂತಿದ್ದ ಗಿರಾಕಿಗಳ ಎದುರೇ ಅತ್ತುಬಿಟ್ಟ.

ಅಕ್ಕ ಅವನ ಪಕ್ಕದಲ್ಲೇ ಕೂತರು. "ತೊಳೆದು ತೊಳೆದು ಮೆತ್ತಗಾದ ಬಟ್ಟೆ ಹಾಸಿ. ಸಂಜೆ ನಿದ್ದೆ ಬೇಡ. ಮಲಗೋ ಒಂದು ಗಂಟೆ ಮುಂಚೆ ಟಿ.ವಿ., ಮೊಬೈಲ್ ಆರಿಸಿ, ಬೆಳಕು ಕಡಿಮೆ ಮಾಡಿ. ಮುಖ ತೊಳೆಯೋದು, ಬಟ್ಟೆ ಬದಲಿಸೋದು, ಒಂದು ಹಾಡು, ಆಮೇಲೆ ಹಾಸಿಗೆ. ದಿನಾ ಇದೇ ಕ್ರಮ. ಮುಂದೇನು ಅಂತ ಒಂದೊಂದು ಕೆಲಸದ ಚಿತ್ರ ತೋರಿಸಿ, ಅವಳಿಗೆ ತಿಳಿಯುತ್ತೆ. ಬೆಳಿಗ್ಗೆ ದಿನಾ ಒಂದೇ ಹೊತ್ತಿಗೆ ಎಬ್ಬಿಸಿ. ನೀವಿಬ್ಬರೂ ಸರದಿ ಮೇಲೆ ಎದ್ದಿರಿ, ಇಲ್ಲದಿದ್ರೆ ನಿದ್ದೆಗೆಟ್ಟು ಗುಬ್ಬಿ ಅಮ್ಮ ಕೈ ಸುಟ್ಕೋತಾಳೆ. ಹೊಟ್ಟೆನೋವು, ಗೊರಕೆ ಏನಾದ್ರೂ ಇದೆಯಾ ಅಂತ ಡಾಕ್ಟರಿಗೂ ತೋರಿಸೋಣ, ನಾನೂ ಬರ್ತೀನಿ."

"ಇಷ್ಟಕ್ಕೇ ಸರಿಹೋಗುತ್ತಾ?"

"ಒಂದೆರಡು ದಿನಕ್ಕೆ ಆಗಲ್ಲ. ವಾರಗಟ್ಟಲೆ ಬೇಕು."

ಅಪ್ಪ ಸಿರಪ್ ಬಾಟಲಿಯನ್ನು ಅಕ್ಕನ ಕೈಗೇ ಕೊಟ್ಟ.

ಈಗ ಗುಬ್ಬಿ ಬಹಳಷ್ಟು ರಾತ್ರಿ ಮಲಗುತ್ತಾಳೆ. ಕೆಲವು ರಾತ್ರಿ ಇಲ್ಲ. ಅಮ್ಮ ಹಾಸಿಗೆ ಹಾಸಿದರೆ ಬಂದು ಒರಗುತ್ತಾಳೆ. ಅಪ್ಪ ಬಗ್ಗಿದರೆ ಮಾತ್ರ ಎರಡೂ ಕೈಯಿಂದ ಮುಖ ಮುಚ್ಚಿಕೊಳ್ಳುತ್ತಾಳೆ. ಅವನು ಹಿಂದೆ ಸರಿದು, ಬಾಗಿಲ ಬಳಿ ಕೂತು ಹಾಡುತ್ತಾನೆ. ಮಗಳು ತಾನಾಗೇ ಹತ್ತಿರ ಬರಲಿ ಎಂದು ಕಾಯುತ್ತಿದ್ದಾನೆ.

ನಿಮ್ಮ ಮಗುವೂ ಮಲಗುತ್ತಿಲ್ಲವೇ? ಗದರುವ ಮೊದಲು ಅದರ ಹಾಸಿಗೆಯಲ್ಲಿ ನೀವೊಮ್ಮೆ ಮಲಗಿ ನೋಡಿ. ಏನು ಚುಚ್ಚುತ್ತದೆ, ಯಾವ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಯಾವ ಸದ್ದು ಕೇಳುತ್ತದೆ ಗಮನಿಸಿ. ನಿಮ್ಮಷ್ಟಕ್ಕೆ ಔಷಧಿ ಕುಡಿಸಬೇಡಿ, ಆರೋಗ್ಯ ಕಾರ್ಯಕರ್ತೆಯನ್ನು ಇವತ್ತೇ ಕೇಳಿ. ದಯವಿಟ್ಟು ಕೈ ಎತ್ತಬೇಡಿ. ನಿದ್ದೆಯನ್ನು ಮಗು ನಿಧಾನವಾಗಿ ಕಲಿಯುತ್ತದೆ, ನಿಮ್ಮ ಮೇಲಿನ ಭಯವನ್ನು ಮರೆಯಲು ಅದಕ್ಕಿಂತ ಹೆಚ್ಚು ಕಾಲ ಬೇಕು.