ಹದಿಮೂರನೆಯ ಇಟ್ಟಿಗೆ

ಮೇಜಿನ ಮೇಲೆ ಕಳಚಿಟ್ಟ ರಬ್ಬರ್ ಕೈಗವಸಿನ ಬೆರಳುಗಳು ಇನ್ನೂ ಉಬ್ಬಿಕೊಂಡೇ ಇವೆ, ಒಳಗೆ ಯಾರದೋ ಕೈ ಉಳಿದುಬಿಟ್ಟ ಹಾಗೆ, ಹೆಬ್ಬೆರಳು ಮಾತ್ರ ಮೆಲ್ಲಗೆ ಕುಸಿಯುತ್ತಿದೆ, ಡಾಕ್ಟರಮ್ಮ ಅದನ್ನೇ ನೋಡುತ್ತ ಕೂತಿದ್ದಾಳೆ, ನೋಡಬೇಕಾದದ್ದು ಅದಲ್ಲ ಎಂದು ಗೊತ್ತಿದ್ದೂ — ನೋಡಬೇಕಾದದ್ದು ಪಕ್ಕದಲ್ಲೇ ಇದೆ, ಎರಡು ಪುಟದ ವರದಿ, ಅಡಿಯಲ್ಲಿ ಅವಳ ರುಜುವಿಗೆ ಬಿಟ್ಟ ಜಾಗ, ರುಜು ಗೀಚಿದರೆ ಇಪ್ಪತ್ತೊಂದು ದಿನದ ಕೆಲಸ ಮುಗಿಯಿತು, ಮಧ್ಯಾಹ್ನದ ಜೀಪಿಗೆ ಮನೆ, ಬಿಸಿನೀರು, ಹಾಸಿಗೆ. ಸತ್ತ ಕಾಡುಮೇಕೆ ಇನ್ನೂರ ಹದಿನಾಲ್ಕು. ಈ ಬೆಟ್ಟದಲ್ಲಿ ಇದ್ದದ್ದೇ ಇನ್ನೂರ ಮೂವತ್ತು ಚಿಲ್ಲರೆ, ಕೊರಕಲಿನಾಚೆಯ ಬೆಟ್ಟದಲ್ಲಿ ನಲವತ್ತೊಂದು, ಅಲ್ಲಿಗೆ ಲೆಕ್ಕ ಮುಗಿಯಿತು, ಜಗತ್ತಿನಲ್ಲಿ ಈ ಜಾತಿ ಇನ್ನೆಲ್ಲೂ ಇಲ್ಲ. ಗಾರ್ಡಣ್ಣ ನೀಲಿ ಬಣ್ಣದ ಡಬ್ಬಿ ಲೊಟಲೊಟ ಅಲ್ಲಾಡಿಸುತ್ತ ಮುಂದೆ ಹೋಗುವುದು, ಎಣಿಸಿದ ಹೆಣದ ಕೊಂಬಿಗೆ ಒಂದು ಗೆರೆ ಚಿಮುಕಿಸುವುದು, ಎರಡೆರಡು ಸಲ ಎಣಿಸಬಾರದಲ್ಲ, ಹಿಂದೆ ಅವಳು ಚಾಕು ಹಿಡಿದು ಮೊಣಕಾಲೂರುವುದು, ಇಪ್ಪತ್ತು ವರ್ಷ ಇವುಗಳನ್ನು ಕಾಯ್ದೆ ಡಾಕ್ಟರೇ, ಒಂದು ದಿನವೂ ಇಷ್ಟು ಹತ್ತಿರ ನಿಂತಿರಲಿಲ್ಲ, ಓಡಿಹೋಗ್ತಿದ್ವು ನನ್ನ ಕಂಡ್ರೆ, ಎಂದು ಅವನು ನಕ್ಕದ್ದು, ನಕ್ಕವನು ಬಂಡೆಯ ಹಿಂದೆ ಹೋಗಿ ಬಹಳ ಹೊತ್ತು ಬರದೇ ಇದ್ದದ್ದು. ಮೊದಲ ದಿನ ಎಲ್ಲರೂ ವಿಷ ಅಂದರು, ಮರುದಿನ ನೀರು ಕೆಟ್ಟಿದೆ ಅಂದರು, ಬಾಯಿಗೆ ಬಂದದ್ದೆಲ್ಲ ಕಾರಣವೇ, ಅವಳು ಸತ್ತವುಗಳ ಬಾಯಿ ಬಿಡಿಸಿ ನೋಡಿದಳು, ಒಸಡಿನ ತುಂಬ ಹುಣ್ಣು, ಮೂಗಿನಲ್ಲಿ ಒಣಗಿದ ಸಿಂಬಳ, ಶ್ವಾಸಕೋಶ ಹಿಸುಕಿದರೆ ಲಿವರಿನಷ್ಟು ಗಟ್ಟಿ, ಆಗಲೇ ಗೊತ್ತಾಗಿತ್ತು, ಪ್ರಯೋಗಾಲಯದವರು ಹೌದೆಂದು ಹೇಳಲು ಹನ್ನೊಂದು ದಿನ ತೆಗೆದುಕೊಂಡರು.

ಮೇಕೆ ಪ್ಲೇಗು. ಸಾಕುಮೇಕೆಯಲ್ಲಿ ಕೆಮ್ಮು, ಭೇದಿ, ಹತ್ತಕ್ಕೆ ಒಂದೋ ಎರಡೋ ಸಾಯುತ್ತವೆ, ಉಳಿದವು ಚೇತರಿಸಿಕೊಂಡು ಮೇಯುತ್ತವೆ, ಕಾಡಿನವಕ್ಕೆ ಹತ್ತಿದರೆ ಬುಡಸಮೇತ. ಹಾಗಾದ್ರೆ ಸರಿಹೋಯ್ತಲ್ಲ ಮೇಡಂ, ಎಂದಿದ್ದರು ಸಾಹೇಬರು ಫೋನಿನಲ್ಲಿ, ಊರ ಮೇಕೆ ಅತಿಕ್ರಮವಾಗಿ ಬೆಟ್ಟ ಹತ್ತಿದೆ, ರೋಗ ತಂದಿದೆ, ಒಂದೇ ಸಾಲಲ್ಲಿ ಬರೀರಿ, ಜಾಸ್ತಿ ಎಳೀಬೇಡಿ. ಅವಳು ಒಂದೇ ಸಾಲಿನಲ್ಲಿ ಬರೆದಿದ್ದಳು. ಸುಳ್ಳೇನಲ್ಲ, ಅಕ್ಷರಶಃ ನಿಜ, ಬೆಳಿಗ್ಗೆ ಏಳು ಗಂಟೆಯವರೆಗೂ ನಿಜವಾಗಿಯೇ ಇತ್ತು. ಏಳಕ್ಕೆ ಬೇಲಿಯ ಹತ್ತಿರ ಮೇಕೆಯಜ್ಜಿ ಬಂದಳು, ನಲವತ್ತು ಮೇಕೆಯ ಒಡತಿ, ದೊಡ್ಡಿಯಲ್ಲಿ ಕೂಡಿಹಾಕಿ ಎಂದು ನೋಟಿಸು ಅಂಟಿಸಿದ ಮೇಲೆ ದಿನಾ ಬಂದು ಬೈದು ಹೋಗುವವಳು, ಇವತ್ತು ಬೈಯಲಿಲ್ಲ, ಅದಕ್ಕೇ ಹೆದರಿಕೆಯಾಯಿತು. ಆರು ಮೇಕೆ ಕಮ್ಮಿ ಇವೆ ತಾಯಿ, ಎರಡು ದಿನ ಆಯ್ತು, ಕೊರಕಲು ದಾಟಿ ಆಚೆ ಬೆಟ್ಟಕ್ಕೆ ಹೋದಹಾಗಿದೆ. ಕೂಡಿಹಾಕಿ ಅಂತ ಹೇಳಿರಲಿಲ್ವಾ ಅಜ್ಜಿ? ಕೂಡಿಹಾಕಿದ್ದೆ, ಬೇಲಿ ಹಾರಿದ್ವು, ನಲವತ್ತು ವರ್ಷದಿಂದ ಮೇಕೆ ಸಾಕ್ತಿದೀನಿ, ನಮ್ಮವು ಕೆಳಗೇ ಮೇಯ್ತಿದ್ವು, ಈ ಬೇಸಿಗೆಯಿಂದ ಬೆಳಗಾದ್ರೆ ಮೇಲೆ ಓಡ್ತವೆ, ಬೆಟ್ಟ ಹತ್ತೋ ಚಟ ಯಾರು ಹಚ್ಚಿದ್ರು ಇವಕ್ಕೆ, ನೀನು ಓದಿದವಳು, ಹೇಳು. ಓದಿದವಳು ಒಳಗೆ ಬಂದು ಕಂಪ್ಯೂಟರ್ ಹಾಕಿದಳು, ಮೇಲಿನ ಬಯಲಿನಲ್ಲಿ ಮರಕ್ಕೆ ಕಟ್ಟಿದ ಕ್ಯಾಮೆರಾದ ಮೂರು ತಿಂಗಳ ಚಿತ್ರ, ಇಷ್ಟು ದಿನ ಅವಳು ಕಾಡುಮೇಕೆ ಇರುವ ಚಿತ್ರ ಮಾತ್ರ ಆರಿಸಿ ಎಣಿಸುತ್ತಿದ್ದಳು, ಉಳಿದದ್ದನ್ನು ಸರಸರ ದಾಟಿಸುತ್ತಿದ್ದಳು, ಊರಮೇಕೆ ಬಂದರೆ ‘ಬೇಡ’ದ ಕಡತಕ್ಕೆ. ‘ಬೇಡ’ದ ಕಡತದಲ್ಲಿ ಒಂಬೈನೂರು ಚಿತ್ರಗಳಿದ್ದವು.

ಉಪ್ಪು. ಬೆಳಿಗ್ಗೆ ಆರಕ್ಕೆ ಕಾಡುಮೇಕೆ ಬಂದು ನೆಕ್ಕಿ ಹೋಗುತ್ತದೆ, ಆರೂವರೆಗೆ ಅಜ್ಜಿಯ ಬಿಳಿ ಹೋತ ಬಂದು ಅದನ್ನೇ ನೆಕ್ಕುತ್ತದೆ, ಏಳಕ್ಕೆ ಮತ್ತೆ ಕಾಡಿನದು, ಪಾಳಿ ಹಾಕಿಕೊಂಡವರ ಹಾಗೆ, ಜಗಳವಿಲ್ಲ ತಂಟೆಯಿಲ್ಲ, ಒಂದೇ ಇಟ್ಟಿಗೆಗೆ ಎಲ್ಲರ ನಾಲಗೆ, ಮೊದಲ ತಿಂಗಳಲ್ಲಿ ಚೌಕಾಗಿದ್ದ ಉಪ್ಪಿನ ಇಟ್ಟಿಗೆಯಲ್ಲಿ ಎರಡನೆಯ ತಿಂಗಳಿಗೆ ಒಂದು ಕುಳಿ, ಮೂರನೆಯದಕ್ಕೆ ಅಂಗೈ ಇಡುವಷ್ಟು ಕುಳಿ, ನುಣ್ಣಗೆ, ಹೊಳೆಯುತ್ತ. ಇಟ್ಟವಳು ಅವಳು. ಬೇಸಿಗೆಯಲ್ಲಿ ಪ್ರಾಣಿಗಳು ಬಡಕಲಾಗಿವೆ, ಖನಿಜ ಸೇರಿಸಿದ ಉಪ್ಪು ಕೊಡೋಣ ಎಂದು ಎರಡು ವರ್ಷ ಕಾಗದ ಬರೆದು, ಹಲ್ಲು ಗಿಂಜಿ, ಮೇಲಿನವರ ತಲೆ ತಿಂದು ಒಪ್ಪಿಸಿದವಳು, ಜೀಪು ಹೋಗುವ ಜಾಗವೇ ಆಗಲಿ, ಕ್ಯಾಮೆರಾಕ್ಕೆ ಬೆಳಕು ಚೆನ್ನಾಗಿರುತ್ತದೆ ಎಂದು ಬಯಲು ಆರಿಸಿದವಳು — ಮೇಲಿನ ಬಂಡೆಯ ಸಂದಿಯಲ್ಲಿ ಇಟ್ಟಿದ್ದರೆ ಊರಮೇಕೆಗೆ ಎಟುಕುತ್ತಲೇ ಇರಲಿಲ್ಲ, ಆದರೆ ಚಿತ್ರ ಚೆನ್ನಾಗಿ ಬರಬೇಕಿತ್ತಲ್ಲ. ಉಪ್ಪಕ್ಕ ಎಂದು ಹೆಸರಿಟ್ಟದ್ದು ಗಾರ್ಡಣ್ಣ, ಅದು ಮನೆಗೂ ಮುಟ್ಟಿತು, ಗಂಡ ಗಣಿತದ ಮೇಷ್ಟ್ರು, ಒಂದು ತುತ್ತು ಬಾಯಿಗಿಟ್ಟು, ನಿನ್ನ ಉಪ್ಪಿನ ಕೈ ನಮಗೇ ಸಾಕಾಗಿತ್ತಲ್ಲೇ, ಪಾಪ ಮೇಕೆಗಳಿಗೂ ಯಾಕೆ, ಎಂದು, ಮಗಳು ಕಿಸಕ್ಕನೆ ನಕ್ಕು ನೀರು ಚೆಲ್ಲಿ, ಅತ್ತೆ ಒಳಗಿನಿಂದ, ನಕ್ಕರೆ ನಗಲಿ ಬಿಡೇ, ಉಪ್ಪಿಲ್ಲದ ಊಟ ಮಾಡಿ ನೋಡಲಿ ಆಮೇಲೆ, ಎಂದು ಸೊಸೆಯ ಪರ ವಹಿಸಿದ್ದು ಅದೊಂದೇ ಸಲ. ನಿನ್ನೆ ಮಗಳ ಫೋನು. ಅಮ್ಮ, ಯಾವ ರೋಗ ಅಂತ ಸಿಕ್ತಾ? ಸಿಕ್ತು ಪುಟ್ಟಿ. ಎಲ್ಲಿಂದ ಬಂತು ಅಂತಾನೂ ಸಿಕ್ತಾ? ಅದೂ ಸಿಕ್ತು. ಹಾಗಾದ್ರೆ ಇನ್ನೇನು, ಬಂದ್ಬಿಡು ಮನೆಗೆ. ಅವಳಿಗೆ ನಾಚಿಕೆಯಾಗುತ್ತಿದೆ, ಮೈಯೆಲ್ಲ ಸುಡುವಂಥ ನಾಚಿಕೆ, ಇನ್ನೂರ ಹದಿನಾಲ್ಕು ಬಾಯಿ ಬಿಡಿಸಿ ನೋಡಿದವಳಿಗೆ ಆ ಬಾಯಿಗಳು ಎಲ್ಲಿಗೆ ಹೋಗಿದ್ದವು ಎಂದು ಕೇಳಬೇಕೆಂದು ಹೊಳೆಯಲಿಲ್ಲ, ಮೇಕೆಯಜ್ಜಿಗೆ ಹೊಳೆಯಿತು.

ಆದರೂ ಅದು ಆಗಿಹೋದದ್ದು. ಈ ಬೆಟ್ಟದ್ದು ಆಗಿಹೋಯಿತು, ಹನ್ನೆರಡು ಇಟ್ಟಿಗೆ, ಕಡತದಲ್ಲಿ ಹನ್ನೆರಡು, ನಕ್ಷೆಯಲ್ಲಿ ಹನ್ನೆರಡು ಚುಕ್ಕೆ, ನೆಕ್ಕುವುದಕ್ಕೆ ಹೆಚ್ಚುಕಡಿಮೆ ಯಾರೂ ಉಳಿದಿಲ್ಲ, ನಾಳೆ ತೆಗೆದರೂ ಒಂದೇ ನಾಡಿದ್ದಾದರೂ ಒಂದೇ. ಹದಿಮೂರನೆಯದು? ಅಂಗಡಿಯವನು ಕೊಸರು ಹಾಕಿದ್ದು, ಡಜನ್ನಿಗೊಂದು ಇರಲಿ ಮೇಡಂ, ಮೂಕಪ್ರಾಣಿಗಳಿಗಲ್ವಾ, ಕೊಸರಿಗೆ ಬಂದದ್ದನ್ನು ಯಾವ ಕಡತಕ್ಕೆ ಬರೆಯುವುದು, ಜೀಪಿನಲ್ಲಿ ವಾರವಿಡೀ ಉರುಳಾಡುತ್ತಿತ್ತು, ಒಂದು ಭಾನುವಾರ ಒಬ್ಬಳೇ ಹೆಗಲ ಚೀಲಕ್ಕೆ ಹಾಕಿಕೊಂಡು ಕೊರಕಲು ದಾಟಿದಳು, ಐದು ಕಿಲೋ, ದಾರಿಯುದ್ದಕ್ಕೂ ಬೆನ್ನು ಒತ್ತುತ್ತಿತ್ತು, ಆಚೆ ಬೆಟ್ಟ ಮುಚ್ಚಿದ ಪ್ರದೇಶ, ಅನುಮತಿಯಿಲ್ಲದೆ ಹುಲ್ಲುಕಡ್ಡಿ ಕೂಡ ಇಡುವಂತಿಲ್ಲ, ಆದರೂ ಆ ನಲವತ್ತೊಂದು ಏನು ಪಾಪ ಮಾಡಿದ್ದವು ಎಂದು ನೀರು ಜಿನುಗುವ ಊಟೆಯ ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ಇಟ್ಟು, ಸಂತೋಷದಿಂದ, ಹೌದು, ಮಗಳ ಡಬ್ಬಿಗೆ ಯಾರಿಗೂ ಕಾಣದಂತೆ ಸಿಹಿ ಹಾಕಿದಷ್ಟೇ ಸಂತೋಷದಿಂದ ಇಳಿದಿದ್ದಳು. ಈಗ ಆ ಆರು ಮೇಕೆ. ಉಪ್ಪಿನ ರುಚಿ ಹತ್ತಿದ ಆರು ಮೇಕೆ ಆಚೆ ಬೆಟ್ಟದಲ್ಲಿ. ಬಿಸಿಲಿಗೆ ಒಣಗಿದರೆ ಸಾಯುವ ಕ್ರಿಮಿ ಇದು, ಒಣ ಉಪ್ಪಿನ ಮೇಲೆ ಹೆಚ್ಚು ಹೊತ್ತು ಬಾಳುವುದಿಲ್ಲ, ಒಂದರ ಜೊಲ್ಲು ಆರುವ ಮೊದಲು ಇನ್ನೊಂದು ನೆಕ್ಕಬೇಕು, ಅಷ್ಟೇ ಸಾಕು. ಸದ್ದಿಲ್ಲದೆ ತಾನೇ ಹೋಗಿ ತೆಗೆದುಬಿಟ್ಟರೆ — ನಾಲ್ಕು ಗಂಟೆಯ ದಾರಿ, ಯಾರಿಗೂ ತಿಳಿಯುವುದಿಲ್ಲ, ಕೈಗೆ ಕೆಸರೂ ಹತ್ತುವುದಿಲ್ಲ, ಆದರೆ ಹೆಣ ಮುಟ್ಟಿದವರು ಹದಿನೈದು ದಿನ ಆಚೆ ಬೆಟ್ಟ ತುಳಿಯಕೂಡದು ಎಂದು ಗೋಡೆಗೆ ಅಂಟಿಸಿದವಳು ಅವಳೇ, ನಿನ್ನೆ ಸಂಜೆಯವರೆಗೂ ಹೆಣ ಕೊಯ್ದವಳು, ಬೂಟಿನ ಸಂದಿ, ಕೂದಲು, ಉಗುರು, ಅವಳೇ ಏಳನೆಯ ಮೇಕೆ. ಗಾರ್ಡಣ್ಣನೂ ಹಾಗೆಯೇ. ಕೈಕಾಲು ಶುದ್ಧವಿರುವವನು ಒಬ್ಬನೇ, ಆಚೆ ಚೌಕಿಯ ಕಾವಲುಗಾರ, ಇಲಾಖೆಯಲ್ಲೆಲ್ಲ ಬಾಯಿಬೀಗ ಎಂದೇ ಹೆಸರು, ಬೀಗ ಎಂದೋ ಕಳೆದುಹೋಗಿದೆ, ಅವನನ್ನು ಹಿಡಿಯಲು ಫೋನು ಸಿಗುವುದಿಲ್ಲ, ವೈರ್‌ಲೆಸ್ ಒಂದೇ, ವೈರ್‌ಲೆಸ್ಸಿನಲ್ಲಿ ಹೇಳಿದರೆ ಊರಿಗೆಲ್ಲ ಡಂಗುರ, ಏಳು ಚೌಕಿ, ಕಚೇರಿ, ಸಾಹೇಬರ ಜೀಪು. ಬೇರೇನಾದರೂ ನೆಪ ಹೇಳಬಹುದಲ್ಲ, ಊಟೆಯ ಹತ್ತಿರ ಯಾರೋ ಏನೋ ಇಟ್ಟಿದ್ದಾರಂತೆ, ನೋಡು — ಯಾರೋ ಏನೋ ಎಂದರೆ ಬಾಯಿಬೀಗ ಊಟ ಮಾಡಿ, ನಿದ್ದೆ ಮಾಡಿ, ತಂಪು ಹೊತ್ತಿನಲ್ಲಿ ಹೋಗುತ್ತಾನೆ. ಹೊತ್ತು ಹನ್ನೊಂದಾಗುತ್ತಿದೆ. ವರದಿಯ ಆ ಒಂದು ಸಾಲನ್ನು ಅವಳು ಉದ್ದಕ್ಕೆ ಹೊಡೆದು ಹಾಕಿದಳು, ವೈರ್‌ಲೆಸ್ಸಿನ ಗುಂಡಿ ಒತ್ತಿದಳು.

ಆಚೆ ಚೌಕಿ, ಡಾಕ್ಟರು ಮಾತಾಡ್ತಿರೋದು, ಊಟೆ ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ಒಂದು ಉಪ್ಪಿನ ಇಟ್ಟಿಗೆ ಇದೆ, ನಾನೇ ಇಟ್ಟದ್ದು, ಈಗಲೇ ಹೋಗಿ ತೆಗೀಬೇಕು, ಈಚೆ ಬೆಟ್ಟದಲ್ಲಿ ರೋಗ ಹರಡಿದ್ದು ನಾನಿಟ್ಟ ಉಪ್ಪಿನಿಂದಲೇ, ಓವರ್. ಗರಗರ. ಜಗತ್ತೇ ಕಿವಿ ನೆಟ್ಟಂಥ ಗರಗರ. ಬಾಯಿಬೀಗನ ಬದಲು ಮಾತಾಡಿದ್ದು ಸಾಹೇಬರು, ಯಾರ ಅನುಮತಿ ತಗೊಂಡು ಇಟ್ರಿ? ಯಾರದ್ದೂ ಇಲ್ಲ ಸಾರ್. ಏನು ಹೇಳ್ತಿದೀರಿ ಗೊತ್ತಾ ನಿಮಗೆ? ಗೊತ್ತು ಸಾರ್, ದಯವಿಟ್ಟು ಚಾನೆಲ್ ಬಿಡಿ, ಅವನು ಹೊರಡಲಿ. ಬಿಟ್ಟರು, ಅವಳಿಗೇ ಆಶ್ಚರ್ಯವಾಯಿತು. ಹೊರಟೆ ಮೇಡಂ, ಎಂದಿತು ಬಾಯಿಬೀಗನ ದನಿ, ಅವನ ಜೀವಮಾನದಲ್ಲೇ ಗಿಡ್ಡ ಮಾತು. ಅವನ ಚೌಕಿಯಿಂದ ಊಟೆಗೆ ಅರ್ಧ ಗಂಟೆಯ ದಾರಿ. ಗಾರ್ಡಣ್ಣ ಬಾಗಿಲಲ್ಲಿ ಬಂದು ನಿಂತಿದ್ದಾನೆ, ಅವನ ಸೊಂಟದ ಸೆಟ್ಟಿನಲ್ಲೂ ಎಲ್ಲ ಕೇಳಿದೆ, ಬೈದರೆ ಚೆನ್ನಾಗಿತ್ತು, ಉಪ್ಪಕ್ಕ ಎಂದು ಹಂಗಿಸಿದರೂ ಚೆನ್ನಾಗಿತ್ತು, ಸ್ಟೂಲು ಎಳೆದು ಪಕ್ಕದಲ್ಲಿ ಕೂತ, ಇಬ್ಬರೂ ವೈರ್‌ಲೆಸ್ ಪೆಟ್ಟಿಗೆ ನೋಡುತ್ತಾರೆ, ಹೊರಗೆ ಬಿಸಿಲು ಚುರುಗುಟ್ಟುತ್ತಿದೆ, ಒಳ್ಳೆಯದು, ಬಿಸಿಲು ಒಳ್ಳೆಯದು, ಇಂಥ ಬಿಸಿಲಿಗೆ ಏನಿದ್ದರೂ ಹತ್ತು ನಿಮಿಷದಲ್ಲಿ ಒಣಗುತ್ತದೆ, ಆರು ಮೇಕೆ ದಾರಿ ತಪ್ಪಿರಬಹುದು, ಚಿರತೆ ಹಿಡಿದಿರಬಹುದು, ಅಜ್ಜಿಯ ಎಣಿಕೆಯೇ ತಪ್ಪಿರಬಹುದು, ಚಿರತೆಯನ್ನು ಇಷ್ಟು ಪ್ರೀತಿಯಿಂದ ಅವಳು ಎಂದೂ ನೆನೆದಿರಲಿಲ್ಲ. ಗರಗರ. ಸಿಕ್ತು ಮೇಡಂ, ಬಾಯಿಬೀಗ ಏದುಸಿರು ಬಿಡುತ್ತಿದ್ದಾನೆ, ಕಲ್ಲಿನ ಮೇಲೇ ಇದೆ. ಬರಿಗೈಲಿ ಮುಟ್ಟಬೇಡ, ಪ್ಲಾಸ್ಟಿಕ್ ಚೀಲ ಹಾಕು, ಸುತ್ತ ಮೇಕೆ ಏನಾದರೂ ಕಾಣ್ತಿದೆಯಾ? ಒಂದೂ ಇಲ್ಲ ಮೇಡಂ. ಹಿಕ್ಕೆ? ಬೇಕಾದಷ್ಟಿದೆ. ಊರಮೇಕೆದಾ ಕಾಡಿಂದಾ? ಹಿಕ್ಕೆ ಹಿಕ್ಕೆನೇ ಮೇಡಂ, ಅದರ ಮೇಲೆ ಹೆಸರು ಬರೆದಿರತ್ತಾ, ಎರಡೂ ಒಂದೇ ಥರ. ಇಟ್ಟಿಗೆ ಹೇಗಿದೆ? ಸವೆದಿದೆ, ನಡುವೆ ಕುಳಿ ಬಿದ್ದಿದೆ, ನುಣ್ಣಗಿದೆ, ಅಂಗೈಯಷ್ಟು — ತಡೀರಿ. ಏನು? ಗರಗರ. ಏನು, ಹೇಳು. ಒದ್ದೆ ಇದೆ ಮೇಡಂ. ಗಾರ್ಡಣ್ಣ ತಲೆಯೆತ್ತಿದ. ಒದ್ದೆ ಅಂದ್ರೆ? ಈಗ ತಾನೇ ಯಾವುದೋ ನೆಕ್ಕಿ ಹೋದ ಹಾಗಿದೆ, ಹೊಳೀತಿದೆ. ಒದ್ದೆ. ಬಿಳಿ ಇಟ್ಟಿಗೆಯ ನಡುವೆ ಅಂಗೈ ಇಡುವಷ್ಟು ಕುಳಿ, ಮೇಲೆ ಬಿಸಿಲು, ಕುಳಿ ಒದ್ದೆ —